ಬೆತ್ತ ಹೋಯಿತು, ಬೈಗುಳ ಉಳಿಯಿತು

ಕೂಲಿಮಠದ ಐಗಳ ಬಳಿ ಶಿಕ್ಷೆಗಳಿಗೆ ಬರವಿರಲಿಲ್ಲ. ಪಾಠ ಒಪ್ಪಿಸದವನಿಗೆ ಬಸ್ಕಿ, ತಡವಾಗಿ ಬಂದವನಿಗೆ ಬೆತ್ತ, ಹಟಮಾರಿಗೆ ಕೋದಂಡ. ಕೋದಂಡವೆಂದರೆ ಎರಡೂ ಕೈಗೆ ಹಗ್ಗ ಬಿಗಿದು ತೊಲೆಗೆ ನೇತುಹಾಕುವುದು. ಅದು ಮಾಯವಾಗಿ ಎಷ್ಟೋ ಕಾಲವಾಯಿತು. ಆದರೆ ಏಟು ಬಿದ್ದರೇ ವಿದ್ಯೆ ಎಂಬ ನಂಬಿಕೆ ಕೂಲಿಮಠದ ಜತೆ ಮಣ್ಣಾಗಲಿಲ್ಲ. 1948ರಲ್ಲಿ ಶಂಕುಸ್ಥಾಪನೆಯಾದ ದಕ್ಷಿಣ ಬೆಂಗಳೂರಿನ ಜಯನಗರಕ್ಕೂ, ಆಮೇಲೆ ಬೆಳೆದ ಬನಶಂಕರಿ, ಜೆ.ಪಿ. ನಗರಗಳಿಗೂ ಅದು ಗಂಟುಮೂಟೆ ಸಮೇತ ಬಂತು. ‘ಕಣ್ಣೆರಡು ಬಿಟ್ಟು ಎಲ್ಲಿ ಬೇಕಾದರೂ ಹೊಡೀರಿ ಮೇಷ್ಟ್ರೇ’ ಎಂದು ಮಗನನ್ನು ಒಪ್ಪಿಸಿ ಹೋದ ಅಪ್ಪಂದಿರ ಕತೆಯನ್ನು ಇಲ್ಲಿನ ಹಿರಿಯರು ಇಂದಿಗೂ ನಗುತ್ತಲೇ ಹೇಳುತ್ತಾರೆ. ಆ ಏಟಿಗೇ ಶಾಲೆ ಬಿಟ್ಟವರು ಅಂಥ ಹರಟೆಯಲ್ಲಿ ಇರುವುದಿಲ್ಲ.

ಬೆತ್ತಕ್ಕೆ ಬದಲಿ ಹುಡುಕುವ ಕೆಲಸವೂ ನಗರದ ಇದೇ ದಿಕ್ಕಿನಲ್ಲಿ ನಡೆದಿತ್ತು. ಕನಕಪುರ ರಸ್ತೆಯಲ್ಲಿ 1978ರಲ್ಲಿ ಶುರುವಾದ ವ್ಯಾಲಿ ಸ್ಕೂಲ್, ಹೆದರಿಕೆ ಮತ್ತು ಹೋಲಿಕೆ ಎರಡೂ ಕಲಿಕೆಗೆ ಶತ್ರು ಎಂದ ಚಿಂತಕ ಜೆ. ಕೃಷ್ಣಮೂರ್ತಿಯವರ ವಿಚಾರದ ಮೇಲೆ ನಿಂತದ್ದು. ಸುಂದರ ಪ್ರಯೋಗವೇ, ಆದರೆ ಅರವತ್ತು ಮಕ್ಕಳ ತರಗತಿಯ ಮೇಷ್ಟ್ರಿಗೆ ಕಾಡಿನಂಚಿನ ಶಾಲೆಯ ಮಾದರಿ ಎಷ್ಟು ಒದಗೀತು? ಅವರಿಗೆ ಹೆಚ್ಚು ಹತ್ತಿರವಿದ್ದದ್ದು ಜಯನಗರದ ಮಗ್ಗುಲಲ್ಲೇ, ಹೊಸೂರು ರಸ್ತೆಯ ಮಾನಸಿಕ ಆರೋಗ್ಯ ಸಂಸ್ಥೆ ನಿಮ್ಹಾನ್ಸ್. ಅಲ್ಲಿನ ಮನಶ್ಶಾಸ್ತ್ರಜ್ಞೆ ಮಾಲವಿಕಾ ಕಪೂರ್ ಮತ್ತು ಸಂಗಡಿಗರು 1970ರ ದಶಕದ ಕೊನೆಯಲ್ಲೇ ಶಾಲಾ ಶಿಕ್ಷಕರಿಗೆ ಆಪ್ತಸಮಾಲೋಚನೆಯ ತರಬೇತಿ ಕೊಡಲು ಹೊರಟಿದ್ದರು. ಪುಂಡ, ಸೋಮಾರಿ, ದಡ್ಡ ಎಂದು ಹೆಸರಾದ ಹುಡುಗನ ಹಿಂದೆ ಏನಿದೆ ಎಂದು ಮೊದಲು ಮೇಷ್ಟ್ರಿಗೇ ಕಾಣಬೇಕು ಎನ್ನುವುದು ಅದರ ಹಿಂದಿನ ಲೆಕ್ಕಾಚಾರ.

ಕಾನೂನು ಬಂದದ್ದು ಬಹಳ ತಡವಾಗಿ. 2000ದ ಡಿಸೆಂಬರಿನಲ್ಲಿ ದೆಹಲಿ ಹೈಕೋರ್ಟು ಅಲ್ಲಿನ ಶಾಲಾ ನಿಯಮಗಳಲ್ಲಿದ್ದ ದೈಹಿಕ ದಂಡನೆಯನ್ನು ಹೊಡೆದುಹಾಕಿತು. 2010ರ ಏಪ್ರಿಲ್ 1ರಂದು ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ದೈಹಿಕ ಶಿಕ್ಷೆ, ಮಾನಸಿಕ ಹಿಂಸೆ ಎರಡನ್ನೂ ಒಂದೇ ಉಸಿರಿನಲ್ಲಿ ನಿಷೇಧಿಸಿತು. ತೂತುಗಳು ಇಲ್ಲದಿಲ್ಲ. ಆ ಕಾಯ್ದೆಯ ರಕ್ಷಣೆ 6ರಿಂದ 14 ವರ್ಷದವರಿಗೆ. ಏಟು, ಬೈಗುಳ ಎರಡೂ ಹೆಚ್ಚುವ ಎಸ್ಸೆಸ್ಸೆಲ್ಸಿ ವರ್ಷ ಅದರಾಚೆ ಬೀಳುತ್ತದೆ. 2014ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಅಲ್ಪಸಂಖ್ಯಾತ ಶಾಲೆಗಳಿಗೆ ಈ ಕಾಯ್ದೆ ಅನ್ವಯಿಸದು ಎಂದಿತು; ಭಾಷಾ ಅಲ್ಪಸಂಖ್ಯಾತ ಶಾಲೆಗಳು ಬೆಂಗಳೂರಿನಲ್ಲಿ ಕಡಿಮೆಯೇನಿಲ್ಲ. 18ರವರೆಗಿನ ಮಕ್ಕಳ ಮೇಲಿನ ಕ್ರೌರ್ಯಕ್ಕೆ ಶಿಕ್ಷೆ ವಿಧಿಸುವ 2015ರ ಬಾಲನ್ಯಾಯ ಕಾಯ್ದೆಯ 75ನೇ ಸೆಕ್ಷನ್ ಇದೆ ನಿಜ, ಆದರೆ ಅದು ಪೊಲೀಸ್ ಠಾಣೆಯ ದಾರಿ. ಮುಂದಿನ ವರ್ಷವೂ ಅದೇ ಶಾಲೆಗೆ ಮಗುವನ್ನು ಕಳಿಸಬೇಕಾದ ತಾಯಿ ಆ ದಾರಿ ಹಿಡಿಯುವುದು ಅಪರೂಪ.

ಹೀಗೆ ಮೇಷ್ಟ್ರ ಕೈಯಿಂದ ಬೆತ್ತ ಜಾರಿತು, ಬದಲಿಗೆ ಏನೂ ಸಿಗಲಿಲ್ಲ. ಸಿಕ್ಕಿದ್ದು ನಾಲಿಗೆ ಮಾತ್ರ. ರಾಷ್ಟ್ರೀಯ ಮಕ್ಕಳ ಹಕ್ಕು ರಕ್ಷಣಾ ಆಯೋಗ 2009–10ರಲ್ಲಿ ಏಳು ರಾಜ್ಯಗಳ 6,632 ಮಕ್ಕಳನ್ನು ಮಾತಾಡಿಸಿದಾಗ ಯಾವ ಶಿಕ್ಷೆಯೂ ಆಗಿಲ್ಲ ಎಂದವರು ಒಂಬತ್ತೇ ಮಂದಿ. ಬೆತ್ತದೇಟು ತಿಂದವರು ನೂರಕ್ಕೆ 75. ‘ನಿನ್ನ ತಲೆಗೆ ಓದು ಹತ್ತಲ್ಲ’ ಎನ್ನುವಂಥ ಮಾತು ಕೇಳಿಸಿಕೊಂಡವರು 81. ಮಾತು ಆಗಲೇ ಬೆತ್ತವನ್ನು ಮೀರಿಸಿತ್ತು. ಅದಕ್ಕೆ ಬಾಸುಂಡೆ ಏಳುವುದಿಲ್ಲ, ಸಿಸಿಟಿವಿಗೂ ಸಿಗುವುದಿಲ್ಲ.

ಕಲಿಕೆಗೆ ಪೆಟ್ಟು ಬೀಳುವುದು ಇಲ್ಲೇ. ಹೆದರಿದ ಮಗುವಿನ ಗಮನ ಬೋರ್ಡಿನ ಮೇಲಿನ ಭಿನ್ನರಾಶಿಯ ಮೇಲಲ್ಲ, ಮೇಷ್ಟ್ರ ಮುಖದ ಮೇಲೆ. ತಪ್ಪು ಉತ್ತರ ಹೇಳುವ ಧೈರ್ಯ ಮೊದಲು ಹೋಗುತ್ತದೆ, ಪ್ರಶ್ನೆ ಕೇಳುವುದು ಆಮೇಲೆ. ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ‘ಯಂಗ್ ಲೈವ್ಸ್’ ಅಧ್ಯಯನ ಇಥಿಯೋಪಿಯಾ, ಪೆರು, ವಿಯೆಟ್ನಾಂ ಮತ್ತು ನಮ್ಮ ನೆರೆಯ ಅವಿಭಜಿತ ಆಂಧ್ರದ ಮಕ್ಕಳನ್ನು ವರ್ಷಗಟ್ಟಲೆ ಹಿಂಬಾಲಿಸಿತು. ಶಾಲೆ ಏಕೆ ಇಷ್ಟವಿಲ್ಲ ಎಂದರೆ ಮಕ್ಕಳು ಎಲ್ಲಕ್ಕಿಂತ ಮೊದಲು ಹೇಳಿದ್ದು ಶಿಕ್ಷಕರ ಮತ್ತು ಸಹಪಾಠಿಗಳ ಹಿಂಸೆಯನ್ನು.

ನಿಮ್ಹಾನ್ಸ್ ಅಷ್ಟರಲ್ಲಿ ಇನ್ನೊಂದು ಹೆಜ್ಜೆ ಇಟ್ಟಿತ್ತು. ಶ್ರೀಕಲಾ ಭರತ್ ಮತ್ತು ಕಿಶೋರ್ ಕುಮಾರ್ ರೂಪಿಸಿದ ಜೀವನ ಕೌಶಲ ಶಿಕ್ಷಣವನ್ನು ಪ್ರೌಢಶಾಲೆಯ ಮೇಷ್ಟ್ರುಗಳೇ ಆಟ, ಚರ್ಚೆ, ಅಭಿನಯಗಳ ಮೂಲಕ ನಡೆಸಿದರು. 2010ರಲ್ಲಿ ಪ್ರಕಟವಾದ ಅವರ ಅಧ್ಯಯನ, ಒಂದು ವರ್ಷ ಈ ತರಗತಿಯಲ್ಲಿ ಕೂತ 605 ಮಕ್ಕಳನ್ನು ಕೂರದ 423 ಮಕ್ಕಳ ಜತೆ ಹೋಲಿಸಿತು. ಕೂತವರಲ್ಲಿ ಆತ್ಮಗೌರವ ಹೆಚ್ಚಿತ್ತು, ಶಿಕ್ಷಕರೊಂದಿಗೆ ಹೊಂದಾಣಿಕೆ ಚೆನ್ನಾಗಿತ್ತು. ಮನೆಯವರ ಮತ್ತು ಓರಗೆಯವರ ಜತೆಗಿನ ಹೊಂದಾಣಿಕೆಯಲ್ಲಿ ಮಾತ್ರ ವ್ಯತ್ಯಾಸ ಕಾಣಲಿಲ್ಲ. ಆ ಪ್ರಾಮಾಣಿಕ ಫಲಿತಾಂಶಕ್ಕೆ ಸಿಗಬೇಕಾದಷ್ಟು ಗಮನ ಸಿಕ್ಕಿಲ್ಲ ಎಂಬುದು ನನ್ನ ಅನಿಸಿಕೆ. ಮೇಷ್ಟ್ರು ಬದಲಾದರೂ ಹಿಂದಿನ ಬೆಂಚಿನ ರೇಗಿಸಾಟ ನಿಲ್ಲಲಿಲ್ಲ. ಈಗಂತೂ ಅದು ವಾಟ್ಸ್ಆ್ಯಪ್ ಗುಂಪುಗಳಿಗೂ ಹಬ್ಬಿದೆ.

2018ರ ನಿಯಮಗಳಲ್ಲಿ ಸಿಬಿಎಸ್ಇ ತನ್ನ ಪ್ರೌಢಶಾಲೆಗಳಿಗೆ ಆಪ್ತಸಮಾಲೋಚಕರನ್ನು ಕಡ್ಡಾಯ ಮಾಡಿದೆ. ಕಾಗದದ ಮೇಲೆ ಅವರಿದ್ದಾರೆ, ವೇಳಾಪಟ್ಟಿಯಲ್ಲಿ ಜೀವನ ಕೌಶಲಕ್ಕೆ ಒಂದು ಪೀರಿಯಡ್ಡೂ ಇರುತ್ತದೆ. ಪರೀಕ್ಷೆ ಹತ್ತಿರ ಬಂದಾಗ ಗಣಿತದ ಮೇಷ್ಟ್ರು ಮೊದಲು ಕೇಳಿ ಪಡೆಯುವುದು ಆ ಪೀರಿಯಡ್ಡನ್ನೇ.