ಕೈಗೆ ಗ್ರೀಸು ಹತ್ತಿದ ಭಾನುವಾರ

‘ಟಕ್... ಟಕ್...’

ಬಿಟಿಎಂ ಬಡಾವಣೆಯ ನಮ್ಮ ಅಡ್ಡರಸ್ತೆಯಲ್ಲಿ ನಸುಕಿನ ನಾಲ್ಕು ಗಂಟೆಗೆ ಈ ಸದ್ದು ಕೇಳಿಸಿತೆಂದರೆ ಎದುರುಮನೆಯವರ ಪಿಕ್‌ಅಪ್ ಗಾಡಿ ರಸ್ತೆಯುಬ್ಬು ದಾಟಿತೆಂದೇ ಅರ್ಥ. ಕೃಷ್ಣರಾಜ ಮಾರುಕಟ್ಟೆಯಿಂದ ತರಕಾರಿ ತುಂಬಿಕೊಂಡು ಜೆ.ಪಿ. ನಗರ, ಬನಶಂಕರಿಯ ಅಂಗಡಿಗಳಿಗೆ ಹಾಕಿ ಬರುವುದು ಆ ಮನೆಯ ಯಜಮಾನರ ಕಸುಬು. ಗಾಡಿ ಒಂದು ದಿನ ನಿಂತರೆ ಆ ದಿನದ ಸಂಪಾದನೆಯೂ ನಿಂತಂತೆ. ಹಾಗಾಗಿ ಸದ್ದು ಶುರುವಾಗಿ ತಿಂಗಳಾದರೂ ‘ನಾಳೆ ನೋಡೋಣ’ ಎನ್ನುತ್ತಲೇ ಇದ್ದರು.

ಆದರೆ ಒಂದು ಶುಕ್ರವಾರ ಬನ್ನೇರುಘಟ್ಟ ರಸ್ತೆಯಲ್ಲಿ ಬ್ರೇಕು ಒತ್ತಿದಾಗ ಗಾಡಿ ತಾನಾಗಿಯೇ ಎಡಕ್ಕೆ ಎಳೆಯಿತು. ಪಕ್ಕದಲ್ಲಿ ಸ್ಕೂಟರಿನ ಮೇಲೆ ಮಗುವನ್ನು ಕೂರಿಸಿಕೊಂಡ ತಾಯಿಯೊಬ್ಬರಿದ್ದರು. ಏನೂ ಆಗಲಿಲ್ಲ. ಆದರೆ ಅವರು ಮನೆಗೆ ಬಂದು ಕಾಫಿಯನ್ನೂ ಕುಡಿಯದೆ, ‘ಈ ಭಾನುವಾರ ಮುಂದಿನ ಚಕ್ರ ಬಿಚ್ಚಲೇಬೇಕು’ ಎಂದರು. ಪ್ರಾಯದಲ್ಲಿ ಕೆಲವು ವರ್ಷ ಗ್ಯಾರೇಜಿನಲ್ಲಿ ದುಡಿದವರು ಅವರು. ಸ್ಪ್ಯಾನರು ಹಿಡಿಯುವುದು ಹೊಸತೇನಲ್ಲ. ಹೊಸತಾಗಿದ್ದುದು ಅವರ ಮಗಳು, ದ್ವಿತೀಯ ಪಿಯುಸಿ ವಿಜ್ಞಾನದ ವಿದ್ಯಾರ್ಥಿನಿ, ‘ನಾನೂ ಬರ್ತೀನಿ’ ಎಂದದ್ದು. ‘ಪರೀಕ್ಷೆ ಹತ್ತಿರ ಬಂತು, ಇದೇನು ಹುಡುಗಿಯರ ಕೆಲಸವೇ?’ ಎಂದು ಅಮ್ಮ ಗೊಣಗಿದರು. ನಾನು ನೋಡಲು ಹೋದವನು ಟಾರ್ಚು ಹಿಡಿಯುವವನಾದೆ.

ಮುಂದಿನ ಚಕ್ರದ ಹಿಂದೆ ಏನಿದೆ?

ಹಿಂದಿನ ಚಕ್ರ ಭಾರ ಹೊತ್ತು ಉರುಳಿದರೆ ಸಾಕು. ಮುಂದಿನ ಚಕ್ರಕ್ಕೆ ಎರಡು ಕೆಲಸ: ಹಳ್ಳ ದಿಣ್ಣೆಗೆ ತಕ್ಕಂತೆ ಮೇಲೆ ಕೆಳಗೆ ಆಡಬೇಕು, ಸ್ಟಿಯರಿಂಗ್ ಹೇಳಿದಂತೆ ಎಡಬಲಕ್ಕೆ ತಿರುಗಲೂಬೇಕು. 2005ರಲ್ಲಿ ಬಂದ ಟಾಟಾ ಏಸ್‌ನಂಥ ಗಾಡಿಗಳಲ್ಲಿ ಮುಂದೆಯೂ ಒಂದೇ ಗಟ್ಟಿ ಆಕ್ಸಲ್ಲು, ಅದರ ಮೇಲೆ ಪಟ್ಟಿ ಸ್ಪ್ರಿಂಗು. ಬೇರೆ ಕೆಲವು ಪಿಕ್‌ಅಪ್‌ಗಳಲ್ಲಿ ಪ್ರತಿ ಚಕ್ರಕ್ಕೂ ಮೇಲೊಂದು ಕೆಳಗೊಂದು ತೋಳು. ತೋಳಿನ ತುದಿಯಲ್ಲಿ ಬಾಲ್ ಜಾಯಿಂಟ್. ನಮ್ಮ ಭುಜದ ಕೀಲಿನಂತೆ ಗುಂಡೊಂದು ಬಟ್ಟಲಿನಲ್ಲಿ ಕೂತು ಎಲ್ಲ ದಿಕ್ಕಿಗೂ ತಿರುಗುತ್ತದೆ. ಸ್ಟಿಯರಿಂಗನ್ನು ಚಕ್ರಕ್ಕೆ ಸೇರಿಸುವ ಕಂಬಿಯೇ ಟೈ ರಾಡ್, ಅದರ ತುದಿಯಲ್ಲಿಯೂ ಅಂಥದೇ ಕೀಲು. ಲೋಹಕ್ಕೆ ಲೋಹ ತಗುಲದಂತೆ ಅಲ್ಲಲ್ಲಿ ರಬ್ಬರಿನ ಬುಷ್‌ಗಳು.

ಗಾಡಿ ತಿರುವಿನಲ್ಲಿ ಸಾಗುವಾಗ ಒಳಗಿನ ಚಕ್ರ ಸಣ್ಣ ವೃತ್ತದಲ್ಲೂ ಹೊರಗಿನದು ದೊಡ್ಡ ವೃತ್ತದಲ್ಲೂ ಹೋಗಬೇಕು. ಆದ್ದರಿಂದ ಒಳಚಕ್ರ ತುಸು ಹೆಚ್ಚು ತಿರುಗಬೇಕು. ಈ ಜಾಣತನ ಮೋಟಾರಿಗಿಂತ ಹಳೆಯದು. ಕುದುರೆಗಾಡಿಗಾಗಿ ಮ್ಯೂನಿಕ್ಕಿನ ಲಾಂಕೆನ್‌ಸ್ಪೆರ್ಗರ್ ರೂಪಿಸಿದ್ದಕ್ಕೆ ರುಡಾಲ್ಫ್ ಆಕರ್‌ಮನ್ 1818ರಲ್ಲಿ ಇಂಗ್ಲೆಂಡಿನಲ್ಲಿ ಪೇಟೆಂಟ್ ಪಡೆದ. ಇಂದಿಗೂ ಅದು ಆಕರ್‌ಮನ್ ಹೆಸರಿನಲ್ಲೇ ಪಾಠದಲ್ಲಿದೆ.

ಈ ಕೀಲುಗಳನ್ನು ಸವೆಸುವುದು ದೂಳು, ನೀರು ಮತ್ತು ಪೆಟ್ಟು. ಕೀಲಿನ ಮೇಲಿನ ರಬ್ಬರ್ ಟೋಪಿ ಹರಿದರೆ ಗ್ರೀಸು ಹೊರಗೆ, ಮರಳು ಒಳಗೆ. ಇನ್ನು ಪೆಟ್ಟಿನ ವಿಚಾರ. ಭಾರತೀಯ ರಸ್ತೆ ಕಾಂಗ್ರೆಸ್ಸಿನ 1988ರ ನಿಯಮದ ಪ್ರಕಾರ ರಸ್ತೆಯುಬ್ಬು 10 ಸೆಂಟಿಮೀಟರ್ ಎತ್ತರ, 3.7 ಮೀಟರ್ ಅಗಲವಿರಬೇಕಿತ್ತು, ಮೆಲ್ಲಗೆ ಏರಿ ಮೆಲ್ಲಗೆ ಇಳಿಯಬೇಕಿತ್ತು. ನಮ್ಮ ಬಡಾವಣೆಗಳ ಒಳರಸ್ತೆಯ ಉಬ್ಬುಗಳನ್ನು ಒಮ್ಮೆ ಟೇಪು ಹಿಡಿದು ಅಳೆದು ನೋಡಿ!

ಶನಿವಾರದ ಪರೀಕ್ಷೆ

ಬಿಚ್ಚುವ ಮೊದಲು ರೋಗ ಯಾವುದೆಂದು ತಿಳಿಯಬೇಕಲ್ಲ? ಶನಿವಾರ ಮಾರುಕಟ್ಟೆಯಿಂದ ಬಂದ ಕೂಡಲೇ ಚಕ್ರ ಮೇಲೆತ್ತಿ, ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಗಡಿಯಾರದ 12 ಮತ್ತು 6ರ ಜಾಗದಲ್ಲಿ ಕೈಯಿಟ್ಟು ಅಲುಗಿಸಿದರು. ಅಲ್ಲಿ ಆಟವಿದ್ದರೆ ಬಾಲ್ ಜಾಯಿಂಟೋ ಚಕ್ರದ ಬೇರಿಂಗೋ ಸವೆದಿರುತ್ತದೆ. ಇಲ್ಲಿ ಸದ್ದಿರಲಿಲ್ಲ. 9 ಮತ್ತು 3ರ ಜಾಗದಲ್ಲಿ ಹಿಡಿದು ಅಲುಗಿಸಿದಾಗ ‘ಕಟಕಟ’ ಎಂದಿತು. ಟಾರ್ಚು ಬಿಟ್ಟರೆ ಎಡಬದಿಯ ಟೈ ರಾಡ್ ತುದಿಯ ರಬ್ಬರ್ ಟೋಪಿ ಪೂರ್ತಿ ಹರಿದಿತ್ತು. ಓಲಾಟ ತಡೆಯುವ ಅಡ್ಡಕಂಬಿಯ ಬುಷ್‌ಗಳೂ ಪುಡಿಯಾಗಿದ್ದವು. ಉಬ್ಬಿನ ಮೇಲಿನ ‘ಟಕ್’ ಸದ್ದು ಈ ಬುಷ್‌ಗಳದು, ಎಡಕ್ಕೆ ಎಳೆಯುತ್ತಿದ್ದುದು ಆ ಕೀಲಿನದು.

‘ಈ ಗುಂಡು ಬಟ್ಟಲಿನಿಂದ ಕಳಚಿದ್ದರೆ ಏನಾಗ್ತಿತ್ತಪ್ಪ?’ ಎಂದಳು ಮಗಳು. ‘ಆ ಚಕ್ರ ಸ್ಟಿಯರಿಂಗಿನ ಮಾತು ಕೇಳ್ತಿರಲಿಲ್ಲ’ ಎಂದು ಅವರು ಸುಮ್ಮನಾದರು.

ಆ ಮಧ್ಯಾಹ್ನವೇ ಮಿನರ್ವ ವೃತ್ತದಿಂದ ಪುರಭವನದವರೆಗೆ ಚಾಚಿರುವ ಜೆ.ಸಿ. ರಸ್ತೆಗೆ ಹೋದೆವು. ಬೆಂಗಳೂರಿನ ಬಿಡಿಭಾಗಗಳ ಪೇಟೆ ಅದು. ಅಲ್ಲಿಗೆ ಹೋಗುವವರು ಗಾಡಿಯ ತಯಾರಿಕೆಯ ವರ್ಷ ಮತ್ತು ಚಾಸಿ ಸಂಖ್ಯೆ ಬರೆದೊಯ್ಯಬೇಕು. ಒಂದೇ ಮಾದರಿಯ ಗಾಡಿಗೆ ಬೇರೆ ಬೇರೆ ವರ್ಷ ಬೇರೆ ಭಾಗ ಬಂದಿರಬಹುದು. ಮುದ್ರೆಯಿರುವ ಪೊಟ್ಟಣ ಕೇಳಿ, ಬಿಲ್ಲು ಪಡೆಯಿರಿ. ಪ್ರಾಣ ನೇತಾಡುವ ಭಾಗದಲ್ಲಿ ಅಗ್ಗದ ನಕಲಿ ಬೇಡ. ಒಂದು ಬದಿ ಸವೆದಿದ್ದರೆ ಇನ್ನೊಂದೂ ಅಷ್ಟೇ ಓಡಿರುವುದರಿಂದ ಜೋಡಿಯಾಗಿ ಬದಲಿಸುವುದು ಲೇಸು.

ಜಾಕಿಯನ್ನು ನಂಬಬೇಡಿ

ಭಾನುವಾರ ಬೆಳಿಗ್ಗೆ ಹಿಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ಹ್ಯಾಂಡ್‌ಬ್ರೇಕ್ ಎಳೆದು, ಚಕ್ರ ನೆಲದಲ್ಲಿರುವಾಗಲೇ ನಟ್ಟುಗಳನ್ನು ಸಡಿಲಿಸಿದರು. ಮಗಳ ಭೌತಶಾಸ್ತ್ರ ಇಲ್ಲಿ ಕೆಲಸಕ್ಕೆ ಬಂತು. ಅರ್ಧ ಮೀಟರ್ ಉದ್ದದ ಸ್ಪ್ಯಾನರಿನ ತುದಿಗೆ 20 ಕಿಲೋ ಭಾರದಷ್ಟು ಒತ್ತಿದರೆ ಸುಮಾರು 98 ನ್ಯೂಟನ್ ಮೀಟರ್ ತಿರುಚುಬಲ. ಅದಕ್ಕೆ ಕೊಳವೆ ತೊಡಿಸಿ ಒಂದು ಮೀಟರ್ ಮಾಡಿದರೆ ಅರ್ಧ ಬಲ ಸಾಕು. ಪುಸ್ತಕದಲ್ಲಿ ಉರುಹೊಡೆದ ಸೂತ್ರ ಕೈಯಲ್ಲಿ ನಿಜವಾದಾಗ ಅವಳ ಮುಖ ನೋಡಬೇಕಿತ್ತು.

ಆಮೇಲೆ ಜಾಕಿ, ಅದರ ಬೆನ್ನಿಗೇ ಚಾಸಿಯ ಕೆಳಗೆ ಕಬ್ಬಿಣದ ಸ್ಟ್ಯಾಂಡು. ಬಿಚ್ಚಿದ ಚಕ್ರವನ್ನೂ ಚಾಸಿಯಡಿ ಮಲಗಿಸಿದರು. ‘ಇಷ್ಟೆಲ್ಲ ಯಾಕೆ, ಜಾಕಿ ಇದೆಯಲ್ಲ?’ ಎಂದು ನಾನು ಕೇಳಿದ್ದು ನಿಜ. ಉತ್ತರ ಹತ್ತೇ ನಿಮಿಷದಲ್ಲಿ ಸಿಕ್ಕಿತು. ತುಕ್ಕು ಹಿಡಿದ ಕೀಲನ್ನು ಬಿಡಿಸಲು ಎಳೆದಾಡುವಾಗ, ನಮ್ಮ ರಸ್ತೆ ಚರಂಡಿಯ ಕಡೆಗೆ ಇಳಿಜಾರಾದ್ದರಿಂದ ಜಾಕಿಯ ತಳ ಜಾರಿ ಅದು ವಾಲಿಬಿತ್ತು. ಗಾಡಿ ‘ಧಡ್’ ಎಂದು ಒಂದಿಷ್ಟು ಕುಸಿದು ಸ್ಟ್ಯಾಂಡಿನ ಮೇಲೆ ನಿಂತಿತು. ಖಾಲಿ ಪಿಕ್‌ಅಪ್ ಕೂಡ ಬಲು ಭಾರ. ಯಾರ ಕೈಯೂ ಕೆಳಗಿರಲಿಲ್ಲ, ಏಕೆಂದರೆ ‘ಗಾಡಿಯಡಿ ತಲೆ ಹಾಕಬಾರದು’ ಎಂಬ ಷರತ್ತಿನ ಮೇಲೆಯೇ ಮಗಳಿಗೆ ಪ್ರವೇಶ ಸಿಕ್ಕಿದ್ದು. ಬಾಗಿಲಲ್ಲಿ ನಿಂತಿದ್ದ ಅಮ್ಮನ ಕೈಯ ಲೋಟ ಮಾತ್ರ ಬಿತ್ತು.

ಪೋಷಕರೇ, ಇದೊಂದನ್ನು ಮರೆಯಬೇಡಿ. ಜಾಕಿ ಎತ್ತುವುದಕ್ಕೆ, ಹೊರುವುದಕ್ಕಲ್ಲ. ಸ್ಟ್ಯಾಂಡು ಇಲ್ಲದಿದ್ದರೆ, ನೆಲ ಸಮವಾಗಿಲ್ಲದಿದ್ದರೆ, ಈ ಕೆಲಸವೇ ಬೇಡ. ಅವರೂ ಅಷ್ಟೆ, ಎಲ್ಲವನ್ನೂ ಬಿಟ್ಟು ಗಾಡಿಯನ್ನು ರಸ್ತೆಯ ತುದಿಯ ಸಮತಟ್ಟಾದ ಕಾಂಕ್ರೀಟಿಗೆ ಒಯ್ದು ಮತ್ತೆ ಮೊದಲಿಂದ ಆರಂಭಿಸಿದರು.

ನೋಟುಪುಸ್ತಕದ ಕೊನೆಯ ಪುಟ

ಟೈ ರಾಡ್ ತುದಿಯ ಕೋಟೆನಟ್ಟಿಗೆ ಅಡ್ಡಲಾಗಿ ಒಂದು ಪಿನ್ನು ಇರುತ್ತದೆ. ಅದನ್ನು ತೆಗೆದು, ನಟ್ಟು ಸಡಿಲಿಸಿ, ಪುಲ್ಲರ್ ಹಾಕಿ ಬಿಗಿದರೆ ಓರೆಯಾಗಿ ಕಚ್ಚಿಕೊಂಡ ಮೊಳೆ ‘ಠಪ್’ ಎಂದು ಬಿಡುತ್ತದೆ. ನಂತರ ಹಳೆಯ ತುದಿಯನ್ನು ಕಂಬಿಯಿಂದ ತಿರುಗಿಸಿ ತೆಗೆಯುವಾಗ ಸುತ್ತು ಎಣಿಸಬೇಕು. ಮಗಳು ಎಣಿಸಿ ನೋಟುಪುಸ್ತಕದ ಕೊನೆಯ ಪುಟದಲ್ಲಿ ‘ಎಡ 14½’ ಎಂದು ಬರೆದಳು. ಹೊಸದನ್ನು ಅಷ್ಟೇ ಸುತ್ತು ಹಾಕಿದರೆ ಚಕ್ರದ ನೇರ ಹೆಚ್ಚುಕಡಿಮೆ ಮೊದಲಿನಂತೆ ಉಳಿಯುತ್ತದೆ. ನಟ್ಟು ಬಿಗಿದಾಗ ಪಿನ್ನಿನ ರಂಧ್ರ ಸರಿಹೊಂದದಿದ್ದರೆ ಇನ್ನೂ ತುಸು ಬಿಗಿಯಬೇಕೇ ಹೊರತು ಸಡಿಲಿಸಬಾರದು. ಪಿನ್ನು ಮಾತ್ರ ಹೊಸದೇ ಆಗಬೇಕು. ಒಮ್ಮೆ ಬಗ್ಗಿಸಿದ ತಂತಿಗೆ ಮೊದಲಿನ ಗಟ್ಟಿತನವಿರದು.

ಅಡ್ಡಕಂಬಿಯ ಬುಷ್‌ಗಳೂ ಬದಲಾದವು. ತೋಳುಗಳ ಬುಷ್ ಬದಲಿಸುವವರಿಗೊಂದು ಕಿವಿಮಾತು: ಕೊನೆಯ ಬಿಗಿತವನ್ನು ಗಾಡಿ ನೆಲಕ್ಕಿಳಿದ ಮೇಲೆ ಕೊಡಿ. ಚಕ್ರ ಜೋತಾಡುವಾಗ ಬಿಗಿದರೆ ರಬ್ಬರು ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ. ಇನ್ನು ಬಾಲ್ ಜಾಯಿಂಟ್, ಸುರುಳಿ ಸ್ಪ್ರಿಂಗು, ತಿರುಚುಕಂಬಿ ಇವಕ್ಕೆ ಮನೆಯಲ್ಲಿ ಕೈಹಾಕಬೇಡಿ. ಅದುಮಿಟ್ಟ ಸ್ಪ್ರಿಂಗಿನಲ್ಲಿ ಅಡಗಿರುವ ಶಕ್ತಿ ಬಿಡುಗಡೆಯಾದರೆ ಕೈಕಾಲು ಉಳಿಯುವುದು ಕಷ್ಟ. ಸಲಕರಣೆಯಿರುವ ಗ್ಯಾರೇಜೇ ಅದಕ್ಕೆ ತಕ್ಕ ಜಾಗ. ಹಳೆಯ ಗ್ರೀಸನ್ನು ಚರಂಡಿಗೆ ಬಳಿಯದೆ ಡಬ್ಬಿಯಲ್ಲಿ ತುಂಬಿಟ್ಟರು. ಚರಂಡಿಯದು ರಾಜಕಾಲುವೆಗೆ, ರಾಜಕಾಲುವೆಯದು ಕೆರೆಗೆ. ಮಡಿವಾಳ ಕೆರೆಯ ನೆರೆಯವರಾದ ನಮಗೆ ಇದನ್ನು ಬೇರೆ ಹೇಳಬೇಕೆ?

ಸೋಮವಾರ ಮಧ್ಯಾಹ್ನ ವೀಲ್ ಅಲೈನ್‌ಮೆಂಟ್. ಎಣಿಕೆ ಎಷ್ಟೇ ಸರಿಯಿದ್ದರೂ ಇದನ್ನು ಬಿಡುವಂತಿಲ್ಲ. ಚಕ್ರ ಒಂದೇ ಡಿಗ್ರಿ ಓರೆಯಾದರೂ ಪ್ರತಿ ಕಿಲೋಮೀಟರಿಗೆ ಸುಮಾರು 17 ಮೀಟರ್ ಪಕ್ಕಕ್ಕೆ ಉಜ್ಜಿಸಿಕೊಂಡು ಹೋದಂತೆ. ಒಂದು ಡಿಗ್ರಿಯ ಸೈನ್ ಬೆಲೆಯನ್ನು ಸಾವಿರದಿಂದ ಗುಣಿಸಿ ನೋಡಿ. ಟೈರು ಏಕೆ ಒಂದೇ ಬದಿ ಸವೆಯುತ್ತದೆಂಬುದಕ್ಕೆ ಉತ್ತರ ಅಲ್ಲಿದೆ. ಯಂತ್ರದ ಪರದೆಯಲ್ಲಿ ನಮ್ಮ ಗಾಡಿಯ ಓರೆ ತುಸುವೇ ಇತ್ತು. ‘ಯಾರು ಎಣಿಸಿದ್ದು?’ ಎಂದು ಕೇಳಿದ ಮೆಕ್ಯಾನಿಕ್, ಅಪ್ಪ ಮಗಳ ಕಡೆ ಬೆರಳು ತೋರಿದಾಗ ಮೆಚ್ಚಿಗೆಯಿಂದ ತಲೆದೂಗಿದ.

ಕೈಕೆಲಸ ಕೀಳಲ್ಲ

ಅಂಕ ಬಾರದವರಿಗೆ ಸ್ಪ್ಯಾನರು ಎಂಬ ಭಾವನೆ ನಮ್ಮಲ್ಲಿ ಇನ್ನೂ ಹೋಗಿಲ್ಲ. ಆದರೆ ಎಸ್ಸೆಸ್ಸೆಲ್ಸಿ ಮುಗಿಸಿದವರಿಗೆ ಐಟಿಐಗಳಲ್ಲಿ ಮೋಟಾರು ವಾಹನ ಮೆಕ್ಯಾನಿಕ್ಕಿನ ಎರಡು ವರ್ಷದ ತರಬೇತಿಯಿದೆ. ಪಾಲಿಟೆಕ್ನಿಕ್‌ಗಳಲ್ಲಿ ಆಟೊಮೊಬೈಲ್ ಡಿಪ್ಲೊಮಾ ಮೂರು ವರ್ಷದ್ದು, ಅಲ್ಲಿಂದ ಎಂಜಿನಿಯರಿಂಗ್‌ನ ಎರಡನೇ ವರ್ಷಕ್ಕೆ ದಾರಿಯೂ ಇದೆ. ಯಾವ ದಾರಿ ಹಿಡಿದರೂ, ಬಿಚ್ಚಿ ನೋಡಿದವನಿಗೆ ಪಾಠ ಬೇರೆಯೇ ಆಗಿ ಕಾಣುತ್ತದೆ.

ಈಗ ನಸುಕಿನ ನಾಲ್ಕಕ್ಕೆ ಗಾಡಿ ಸದ್ದಿಲ್ಲದೆ ಉಬ್ಬು ದಾಟುತ್ತದೆ. ಎದುರುಮನೆಯ ಕೋಣೆಯಲ್ಲಿ ದೀಪ ಉರಿಯುತ್ತಿರುತ್ತದೆ. ಹುಡುಗಿ ಪರೀಕ್ಷೆಗೆ ಓದುತ್ತಿದ್ದಾಳೆ. ಗ್ರೀಸಿನ ಬೆರಳಚ್ಚು ಬಿದ್ದ ಆ ಕೊನೆಯ ಪುಟವನ್ನು ಹರಿದು ಹಾಕಬಾರದೆಂದು ತಾಕೀತು ಮಾಡಿದವರು ಯಾರು ಗೊತ್ತೆ? ಅಂದು ಗೊಣಗಿದ ಅಮ್ಮನೇ.