ಕರುಳಲ್ಲಿ ಸೀಟಿಗೆ ಟವೆಲ್

ಆಲ್ಕೊಳ ಸರ್ಕಲ್‌ನಲ್ಲಿ ಬಸ್ಸಿನ ಕಿಟಕಿಯಿಂದ
ಟವೆಲ್ ಹಾಕಿ ಸೀಟ್ ಹಿಡಿದಿದ್ದೀರಾ?
ನಿಮ್ಮ ಕರುಳಲ್ಲೂ ಅದೇ ನಡೀತಿದೆ!

ಭೇದಿ ತರೋ ಕೆಲವು ಇ. ಕೋಲಿ ಬ್ಯಾಕ್ಟೀರಿಯಾ ಇವೆ.
ಅವುಗಳ ಮೈತುಂಬ ಎಳೆಗಳು.
ನಮ್ಮ ತಲೆಕೂದಲಿಗಿಂತ ಸಾವಿರಾರು ಪಟ್ಟು ತೆಳು!
ಕರುಳಿನ ಕೋಶದ ಮೇಲಿರೋ ಸಕ್ಕರೆ ಅಣುಗಳನ್ನ
ಈ ಎಳೆಗಳು ಗಟ್ಟಿಯಾಗಿ ಹಿಡ್ಕೊಳ್ತವೆ.
ಹಿಡಿತ ಸಿಕ್ಕಿತೋ, ತೊಂದರೆ ಶುರು.
ಸಿಗಲಿಲ್ವಾ? ಮಲದ ಜೊತೆ ಹೊರಗೆ.

ಒಳ್ಳೆಯ ಲ್ಯಾಕ್ಟೋಬ್ಯಾಸಿಲಸ್‌ಗೂ
ಅಂಟಿಕೊಳ್ಳೋಕೆ ಪ್ರೋಟೀನುಗಳಿವೆ.
ಕರುಳಿನ ಲೋಳೆಪದರದಲ್ಲಿ
ಅವೇ ಮೊದಲು ಟವೆಲ್ ಹಾಕಿದ್ರೆ,
ಕೆಟ್ಟವಕ್ಕೆ ಜಾಗ ಕಡಿಮೆ.

ಆದರೆ ಮೊಸರಿನ ಜೊತೆ ಹೊರಗಿಂದ ಬಂದ ಈ ಒಳ್ಳೆಯವು
ಸಾಮಾನ್ಯವಾಗಿ ಕಾಯಂ ಪ್ರಯಾಣಿಕರಲ್ಲ.
ಕೆಲವು ದಿನಗಳಲ್ಲಿ ಇಳಿದುಬಿಡ್ತವೆ.
ಮತ್ತೆ ಹತ್ತಿಸ್ತಾ ಇರಬೇಕು.

ಮೊಸರು ಮಾಚೇನಹಳ್ಳಿ ಡೈರಿಯದ್ದಿರಲಿ,
ಮನೇಲಿ ಹೆಪ್ಪು ಹಾಕಿದ್ದಿರಲಿ,
ಕುದಿಸಿ ಮಜ್ಜಿಗೆಹುಳಿ ಮಾಡಿದ್ರೆ
ರುಚಿ ಇರುತ್ತೆ,
ಬ್ಯಾಕ್ಟೀರಿಯಾ ಸತ್ತುಹೋಗಿರುತ್ತೆ!