ಬಾಸ್ಕೆಟ್‌ಬಾಲ್‌ಗೊಂದು ಸೂರು: ಸಿಂಧನೂರಿನ ಬಿಸಿಲಲ್ಲಿ ಕೇಳಿದ ಮಾತು

ಸಿಂಧನೂರಿನಲ್ಲಿ ನಾವು ಚಾ ಕುಡಿದದ್ದು ಬಂಟ್ವಾಳ ಕಡೆಯಿಂದ ಬಂದು ಹೋಟೆಲ್ ಹಾಕಿಕೊಂಡಿರುವ ಹಿರಿಯರೊಬ್ಬರ ಅಂಗಡಿಯಲ್ಲಿ. ಗಲ್ಲಾಪೆಟ್ಟಿಗೆಯ ಹಿಂದಿನ ಗೋಡೆಯಲ್ಲಿ ಒಂದು ಫೋಟೋ ಇತ್ತು. ಹೈಸ್ಕೂಲ್ ಹುಡುಗಿಯರ ಬಾಸ್ಕೆಟ್‌ಬಾಲ್ ತಂಡ, ಮಧ್ಯದಲ್ಲಿ ಚೆಂಡು ಹಿಡಿದು ನಿಂತವಳು ಅವರ ಮಗಳು.

"ಈಗಲೂ ಆಡ್ತಾಳಾ ಕಾಕ?" ಎಂದು ಕೇಳಿದೆವು.

"ಇಲ್ಲ. ಕಾಲೇಜಿಗೆ ಹೋದ ಮೇಲೆ ಬಿಟ್ಟಳು. ಎಲ್ಲಿ ಆಡುವುದು ಹೇಳಿ? ಬೆಳಗ್ಗೆ ಎಂಟು ಗಂಟೆಗೆ ನೆಲ ಕಾಯ್ತದೆ. ಸಂಜೆ ಆಡುವ ಅಂದ್ರೆ ರಸ್ತೆಯಲ್ಲಿ ಹೋಗುವವರೆಲ್ಲ ಬೈಕ್ ನಿಲ್ಲಿಸಿ ನೋಡ್ತಾರೆ. ನಾನು ಬೇಡ ಅನ್ನಲಿಲ್ಲ, ಅವಳೇ ಬಿಟ್ಟಳು."

ಆ ಮಾತು ನಮ್ಮನ್ನು ಬಿಡಲಿಲ್ಲ. ಮರುದಿನ ಲಿಂಗಸುಗೂರು, ಅದರ ಮರುದಿನ ಮಸ್ಕಿ. ಹೋದಲ್ಲೆಲ್ಲ ಅದೇ ಪ್ರಶ್ನೆ ಕೇಳುತ್ತಾ ಹೋದೆವು. ಒಬ್ಬ ದೈಹಿಕ ಶಿಕ್ಷಕರು ಅಂದದ್ದು: "ಹೆಣ್ಣು ಹುಡುಗ್ರು ಎಸ್ಸೆಸ್ಸೆಲ್ಸಿ ತನಕ ಚಲೋ ಆಡ್ತಾರ್ರಿ. ಆಮ್ಯಾಲ ಒಬ್ಬೊಬ್ರಾಗಿ ಬಿಡ್ತಾರ. ಮ್ಯಾಲೊಂದು ಚಾವಣಿ, ಸುತ್ತ ನಾಕು ಗ್ವಾಡಿ ಇದ್ರ ಅರ್ಧ ಮಂದಿ ಉಳೀತಿದ್ರು."

ಕರಾವಳಿಯ ಓದುಗರಿಗೆ ಈ ಊರುಗಳ ಪರಿಚಯ ಎರಡು ಮಾತಲ್ಲಿ ಹೇಳಬೇಕು. ಸಿಂಧನೂರು ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನಲ್ಲಿ ಭತ್ತ ಬೆಳೆಯುವ ಊರು. ಲಿಂಗಸುಗೂರು ತಾಲೂಕಿನಲ್ಲಿ ಹಟ್ಟಿ ಚಿನ್ನದ ಗಣಿ ಇದೆ. ನಿಜಾಮರ ಕಾಲದಲ್ಲಿ, 1905ರ ತನಕ, ಲಿಂಗಸುಗೂರೇ ಒಂದು ಜಿಲ್ಲೆಯಾಗಿತ್ತು. ಮಸ್ಕಿಯ ಬೆಟ್ಟದಲ್ಲಿ ಅಶೋಕನ ಹೆಸರೇ ಇರುವ ಶಾಸನ 1915ರಲ್ಲಿ ಸಿಕ್ಕಿತು. ಬೇಸಿಗೆಯಲ್ಲಿ ಮೂರೂ ಕಡೆ ಬಿಸಿಲು 40 ಡಿಗ್ರಿ ದಾಟುತ್ತದೆ. ನಮ್ಮಲ್ಲಿ ಆಟಕ್ಕೆ ಸೂರು ಬೇಕಾಗುವುದು ಮಳೆಗೆ, ಅಲ್ಲಿ ಬಿಸಿಲಿಗೆ.

ಸೂರು ಕೇಳುವುದು ದೊಡ್ಡಸ್ತಿಕೆಯ ಮಾತಲ್ಲ. ಬಾಸ್ಕೆಟ್‌ಬಾಲ್ ಹುಟ್ಟಿದ್ದೇ ಸೂರಿನಡಿಯಲ್ಲಿ. 1891ರ ಡಿಸೆಂಬರ್‌ನಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡ್ ಎಂಬ ಊರಿನ ವೈಎಂಸಿಎ ತರಬೇತಿ ಶಾಲೆಯಲ್ಲಿ ಜೇಮ್ಸ್ ನೈಸ್ಮಿತ್ ಎಂಬ ಶಿಕ್ಷಕರು, ಹಿಮ ಬಿದ್ದು ಹೊರಗೆ ಆಡಲಾಗದ ಹುಡುಗರಿಗೆ ಒಳಗೇ ಆಡುವ ಆಟವೊಂದನ್ನು ಕಂಡುಹಿಡಿದರು. ವ್ಯಾಯಾಮ ಶಾಲೆಯ ಮೇಲಂತಸ್ತಿನ ಕಟಕಟೆಗೆ ಪೀಚ್ ಹಣ್ಣಿನ ಬುಟ್ಟಿಗಳನ್ನು ಹೊಡೆದರು. ಆ ಕಟಕಟೆ ಹತ್ತು ಅಡಿ ಎತ್ತರದಲ್ಲಿತ್ತು. ಅದಕ್ಕೇ ಇವತ್ತಿಗೂ ಬಳೆಯ ಎತ್ತರ ಹತ್ತು ಅಡಿ, ಅಂದರೆ 3.05 ಮೀಟರ್! ಆಟಕ್ಕೆ ಅವರು ಬರೆದ ನಿಯಮಗಳು 13.

ಹೋಟೆಲಿನ ಕಾಕ ಹೇಳಿದ 'ನಿಂತು ನೋಡುವವರ' ಸಮಸ್ಯೆಯೂ ಹೊಸದಲ್ಲ. ಸ್ಪ್ರಿಂಗ್‌ಫೀಲ್ಡ್‌ನ ಹತ್ತಿರದಲ್ಲೇ ಸ್ಮಿತ್ ಕಾಲೇಜು ಎಂಬ ಹೆಣ್ಣುಮಕ್ಕಳ ಕಾಲೇಜಿದೆ. ಅಲ್ಲಿನ ಶಿಕ್ಷಕಿ ಸೆಂಡಾ ಬೆರೆನ್ಸನ್ ಈ ಹೊಸ ಆಟದ ಬಗ್ಗೆ ಓದಿ, ತಮ್ಮ ವಿದ್ಯಾರ್ಥಿನಿಯರಿಗೆ ಕಲಿಸಿದರು. 1893ರ ಮಾರ್ಚ್‌ನಲ್ಲಿ ಎರಡು ತರಗತಿಗಳ ನಡುವೆ ಪಂದ್ಯ ನಡೆದಾಗ ಗಂಡಸರಿಗೆ ಪ್ರವೇಶ ಇರಲಿಲ್ಲ. ಹೆಣ್ಣುಮಕ್ಕಳು ಮನಸ್ಸು ಬಿಚ್ಚಿ ಆಡಲು ಬಾಗಿಲು ಮುಚ್ಚುವ ಒಂದು ಹಾಲ್ ಸಾಕಾಯಿತು. 'ನಮ್ಮ ಮಕ್ಕಳಿಗೆ ಮರೆ ಬೇಕು' ಅಂದರೆ ಹಳೆಯ ಕಾಲದ ಮಾತು ಎಂದು ನಗುವವರಿಗೆ ಈ ಕತೆ ಹೇಳಬೇಕು.

ನೈಸ್ಮಿತ್ 1898ರಲ್ಲಿ ಕಾನ್ಸಾಸ್ ವಿಶ್ವವಿದ್ಯಾಲಯಕ್ಕೆ ಹೋದರು. ಜಗತ್ತಿನ ಹೆಸರಾಂತ ವಿಶ್ವವಿದ್ಯಾಲಯ ಬಾಸ್ಕೆಟ್‌ಬಾಲ್ ಕ್ರೀಡಾಂಗಣಗಳಲ್ಲಿ ಒಂದು ಅಲ್ಲಿದೆ. ಹೆಸರು ಆಲೆನ್ ಫೀಲ್ಡ್‌ಹೌಸ್. ನೈಸ್ಮಿತ್‌ರ ಶಿಷ್ಯ, ತರಬೇತುದಾರ ಫಾಗ್ ಆಲೆನ್ ಅವರ ಹೆಸರು ಅದಕ್ಕೆ; ಒಳಗಿನ ಅಂಕಣಕ್ಕೆ ನೈಸ್ಮಿತ್‌ರ ಹೆಸರು. ಕಟ್ಟುವಾಗ ಕೊರಿಯಾ ಯುದ್ಧದಿಂದಾಗಿ ಉಕ್ಕು ಸಿಗುತ್ತಿರಲಿಲ್ಲ. ಕಟ್ಟಡದಲ್ಲಿ ಸೇನೆಯ ಆಯುಧ ಇಡಲು ಕೋಣೆ ಸೇರಿಸಿ, ಇದು ಶಸ್ತ್ರಾಗಾರವೂ ಹೌದು ಎಂದು ತೋರಿಸಿ ಉಕ್ಕು ಪಡೆದರಂತೆ. ಸರಕಾರಿ ಕಡತ ಮುಂದೆ ಹೋಗಬೇಕಾದರೆ ಎಲ್ಲ ದೇಶದಲ್ಲೂ ಇಂಥ ಜಾಣತನ ಬೇಕು! 1955ರ ಮಾರ್ಚ್ 1ರಂದು ಅಲ್ಲಿ ಮೊದಲ ಪಂದ್ಯ ನಡೆಯಿತು. ಈಗ 15,000ಕ್ಕೂ ಹೆಚ್ಚು ಜನ ಕೂರುತ್ತಾರೆ.

ಆಟವಷ್ಟೇ ಅಲ್ಲ. 1968ರ ಮಾರ್ಚ್ 18ರಂದು ರಾಬರ್ಟ್ ಕೆನಡಿ ಅದೇ ಸೂರಿನಡಿ ವಿದ್ಯಾರ್ಥಿಗಳ ಮುಂದೆ ಮಾತಾಡಿದರು. ದೇಶದ ಉತ್ಪಾದನೆಯ ಲೆಕ್ಕದಲ್ಲಿ ಮಕ್ಕಳ ಆರೋಗ್ಯ, ಅವರ ಆಟದ ಖುಷಿ ಸೇರುವುದೇ ಇಲ್ಲ ಎಂಬ ಅರ್ಥದ ಅವರ ಆ ಭಾಷಣವನ್ನು ಇಂದಿಗೂ ನೆನೆಯುತ್ತಾರೆ. ಅಂಥ ಮಾತಿಗೆ ಬಾಸ್ಕೆಟ್‌ಬಾಲ್ ಅಂಗಳವೇ ವೇದಿಕೆ ಆದದ್ದು ನಮಗೆ ಸರಿಯೆನಿಸಿತು.

ಆದರೆ ಅದೇ ವಿಶ್ವವಿದ್ಯಾಲಯದ ಇನ್ನೊಂದು ಪುಟವನ್ನು ಮುಚ್ಚಿಡಬಾರದು. ಈ ಕಟ್ಟಡ ಏಳುವ ಮೊದಲು, 1930ರ ದಶಕದಲ್ಲಿ ಜಾನ್ ಮೆಕ್ಲೆಂಡನ್ ಎಂಬ ಕಪ್ಪು ಹುಡುಗ ಅಲ್ಲಿ ನೈಸ್ಮಿತ್‌ರ ಕೈಕೆಳಗೆ ಕಲಿತ. ಬಾಸ್ಕೆಟ್‌ಬಾಲ್ ಕಂಡುಹಿಡಿದವರೇ ಗುರು. ಆದರೂ ವಿಶ್ವವಿದ್ಯಾಲಯದ ತಂಡದಲ್ಲಿ ಆಡುವ ಹಾಗಿಲ್ಲ, ಮೈಬಣ್ಣ ಅಡ್ಡ. ಮುಂದೆ ಆತ ತರಬೇತುದಾರನಾಗಿ, 1957ರಿಂದ 59ರ ವರೆಗೆ ತನ್ನ ಕಾಲೇಜು ತಂಡಕ್ಕೆ ಸತತ ಮೂರು ರಾಷ್ಟ್ರೀಯ ಪ್ರಶಸ್ತಿ ಗೆಲ್ಲಿಸಿಕೊಟ್ಟ. ಸೂರು ಎದ್ದರೆ ಸಾಲದು, ಬಾಗಿಲು ಯಾರಿಗೆ ತೆರೆಯುತ್ತದೆ ಎಂಬುದೂ ಮುಖ್ಯ.

ನಮ್ಮ ಮನೆಗಳಿಗೆ ಹತ್ತಿರದ ಕತೆ ಬಿಲ್ಕಿಸ್ ಅಬ್ದುಲ್ ಖಾದಿರ್ ಅವರದ್ದು. ಆಟ ಹುಟ್ಟಿದ ಅದೇ ಸ್ಪ್ರಿಂಗ್‌ಫೀಲ್ಡ್‌ನ ಹುಡುಗಿ. ಶಾಲಾ ಪಂದ್ಯಗಳಲ್ಲಿ 3,070 ಅಂಕ ಗಳಿಸಿ ರಾಜ್ಯದ ದಾಖಲೆ ಬರೆದರು. ಮೆಂಫಿಸ್ ವಿಶ್ವವಿದ್ಯಾಲಯದ ತಂಡದಲ್ಲಿ ಹಿಜಾಬ್ ತೊಟ್ಟೇ ಆಡಿದರು. ಅಮೆರಿಕದ ಮೇಲ್ದರ್ಜೆಯ ವಿಶ್ವವಿದ್ಯಾಲಯ ಪಂದ್ಯಗಳಲ್ಲಿ ಹಾಗೆ ಆಡಿದ ಮೊದಲಿಗರು. ಓದು ಮುಗಿಸಿ ವೃತ್ತಿಪರ ಆಟಕ್ಕೆ ಹೊರಟಾಗ ಅಂತಾರಾಷ್ಟ್ರೀಯ ಸಂಸ್ಥೆ ಫಿಬಾದ ನಿಯಮ ಎದುರಾಯಿತು: ತಲೆ ಮೇಲೆ ವಸ್ತ್ರ ಇರಕೂಡದು. ಅವರೂ ಬೇರೆ ದೇಶಗಳ ಆಟಗಾರ್ತಿಯರೂ ವರ್ಷಗಟ್ಟಲೆ ಕೇಳಿದ ಮೇಲೆ 2017ರ ಮೇಯಲ್ಲಿ ಫಿಬಾ ನಿಯಮ ಬದಲಿಸಿತು. ಅಕ್ಟೋಬರ್ 1ರಿಂದ ಅದು ಜಾರಿಗೆ ಬಂತು. ಸಿಂಧನೂರಿನ ಎಷ್ಟೋ ತಾಯಂದಿರಿಗೆ ಇದು ಗೊತ್ತೇ ಇರಲಿಲ್ಲ. ನಾವು ಹೇಳಿದಾಗ ಒಬ್ಬರು, "ಹೌದಾ? ಹಂಗಾದ್ರ ಅಡ್ಡಿ ಏನೈತಿ?" ಅಂದರು.

ಅದೇ 2017ರ ಜುಲೈಯಲ್ಲಿ ಬೆಂಗಳೂರಿನಲ್ಲಿ ಮಹಿಳೆಯರ ಏಷ್ಯಾ ಕಪ್ ನಡೆದಿತ್ತು. ಎರಡನೇ ದರ್ಜೆಯ ಫೈನಲ್‌ನಲ್ಲಿ ಭಾರತದ ಹುಡುಗಿಯರು ಕಜಕಿಸ್ತಾನವನ್ನು 75–73ರಿಂದ ಸೋಲಿಸಿ ಮೇಲಿನ ದರ್ಜೆಗೆ ಏರಿದರು. ಎರಡೇ ಅಂಕದ ಅಂತರ! 2019ರಲ್ಲಿ ಕಂಠೀರವ ಒಳಾಂಗಣದಲ್ಲೇ ಮತ್ತೆ ಏಷ್ಯಾ ಕಪ್ ಆಯಿತು. ಕರಾವಳಿಯಲ್ಲಿ ಮಣಿಪಾಲದ ಮರೇನಾ ಇದೆ; ವಿಶ್ವವಿದ್ಯಾಲಯದ ಆ ಒಂದೇ ಕಟ್ಟಡದಲ್ಲಿ ಬಾಸ್ಕೆಟ್‌ಬಾಲ್, ಬ್ಯಾಡ್ಮಿಂಟನ್, ಸ್ಕ್ವಾಷ್ ಎಲ್ಲವೂ. ಹೊರಗೆ ಜಡಿಮಳೆ ಸುರಿದರೂ ಒಳಗೆ ಆಟ ನಿಲ್ಲುವುದಿಲ್ಲ.

ಮತ್ತೆ ರಾಯಚೂರು ಜಿಲ್ಲೆಗೆ ಬರೋಣ. ಈ ಕಡೆಯ ಮಕ್ಕಳಿಗೆ ವಿಶ್ವವಿದ್ಯಾಲಯ ಎಂಬುದು ಯಾವಾಗಲೂ ದೂರದ ಊರೇ. ನಿಜಾಮರ ಆಳ್ವಿಕೆಯಲ್ಲಿ ಹೈದರಾಬಾದಿನ ಉಸ್ಮಾನಿಯಾ, ಆಮೇಲೆ ಧಾರವಾಡ, 1980ರಿಂದ ಗುಲ್ಬರ್ಗ. ಈಗ ಕೊನೆಗೂ ಜಿಲ್ಲೆಗೆ ತನ್ನದೇ ವಿಶ್ವವಿದ್ಯಾಲಯ ಬಂದಿದೆ, ರಾಯಚೂರಿನ ಹತ್ತಿರ ಯರಗೇರಾದಲ್ಲಿ. ಹೊಸ ಮನೆ ಕಟ್ಟುವಾಗಲೇ ಅಡುಗೆಕೋಣೆ ಎಲ್ಲಿ ಅಂತ ನೋಡಬೇಕಲ್ಲ, ಹಾಗೆ ಈಗಲೇ ಕೇಳಬೇಕು: ಸೂರಿರುವ ಅಂಕಣ ಎಲ್ಲಿ? ಅದು ಯರಗೇರಾದಲ್ಲಿ ಎದ್ದರೂ ಸಿಂಧನೂರು, ಲಿಂಗಸುಗೂರಿನ ಹುಡುಗಿ ದಿನಾ ಬಸ್ ಹತ್ತಿ ಹೋಗಿ ಆಡಲಾರಳು. ತಾಲೂಕಿನ ಕಾಲೇಜುಗಳಿಗೂ ಚಿಕ್ಕದೊಂದು ಬೇಕು.

ಚಿಕ್ಕದು ಅಂದರೆ ಎಷ್ಟು? ಪೂರ್ತಿ ಅಂಕಣಕ್ಕೆ 28 ಮೀಟರ್ ಉದ್ದ, 15 ಮೀಟರ್ ಅಗಲ, ಮೇಲೆ 7 ಮೀಟರ್ ಖಾಲಿ ಎತ್ತರ. ಮೂವರು ಮೂವರ ಆಟಕ್ಕೆ ಅರ್ಧ ಅಂಕಣ, ಒಂದೇ ಬಳೆ ಸಾಕು. ಟೋಕಿಯೊದಲ್ಲಿ ಅದು ಒಲಿಂಪಿಕ್ ಆಟವೂ ಆಯಿತು. ಮರದ ನೆಲ ಬೇಕೇ ಬೇಕು ಎಂದೇನಿಲ್ಲ. ಒಂದು ಎಚ್ಚರ ಮಾತ್ರ: ಬರೀ ತಗಡು ಹೊದಿಸಿ ಸುತ್ತ ಗೋಡೆ ಕಟ್ಟಿದರೆ ರಾಯಚೂರಿನ ಬೇಸಿಗೆಯಲ್ಲಿ ಅದು ಬೇಕರಿಯ ಒಲೆಯಾಗುತ್ತದೆ. ಎತ್ತರದಲ್ಲಿ ಗಾಳಿ ಆಡಲು ಜಾಗ ಬಿಡಬೇಕು.

ಇಷ್ಟು ಖರ್ಚು ಒಂದು ಆಟಕ್ಕಾ ಎಂದು ಕೇಳುವವರು ಇದ್ದೇ ಇರುತ್ತಾರೆ. 2009ರ ಅಕ್ಟೋಬರ್‌ನಲ್ಲಿ ಇದೇ ಜಿಲ್ಲೆಯಲ್ಲಿ ನೆರೆ ಬಂದು ಮನೆ ಬಿದ್ದಾಗ ಜನ ಸೂರು ಹುಡುಕಿದ್ದು ನೆನಪಿರಲಿ. 2020ರಲ್ಲಿ ಬೆಂಗಳೂರಿನ ಕೋರಮಂಗಲ ಒಳಾಂಗಣ ಕ್ರೀಡಾಂಗಣ ಕೋವಿಡ್ ಆರೈಕೆ ಕೇಂದ್ರವಾಯಿತು. ಆದರೆ ಕೀಲಿಕೈಯ ಮಾತನ್ನೂ ಆಡಬೇಕು. ನಾವು ಬೇರೊಂದು ಊರಿನಲ್ಲಿ ಕಂಡ ಒಳಾಂಗಣವೊಂದು ವರ್ಷದ ಹೆಚ್ಚು ದಿನ ಬೀಗದಲ್ಲೇ ಇರುತ್ತದೆ. ತೆರೆಯುವುದು ಸನ್ಮಾನ ಸಮಾರಂಭಕ್ಕೆ. ವಾರದಲ್ಲಿ ಮೂರು ಸಂಜೆ ಹೆಣ್ಣುಮಕ್ಕಳಿಗೆ, ಒಬ್ಬ ತರಬೇತುದಾರ್ತಿಯ ಕೈಗೆ ಕೀಲಿಕೈ. ಇದು ಕಟ್ಟುವ ಮೊದಲೇ ಬರಹದಲ್ಲಿ ಇರಬೇಕು.

ಮಸ್ಕಿಯಲ್ಲಿ ಸಂಜೆ ಒಬ್ಬ ಶಿಕ್ಷಕರು ನಮ್ಮನ್ನು ಮೈದಾನಕ್ಕೆ ಕರೆದೊಯ್ದು, ಬೂಟು ಕಳಚಿ, ಹೆಜ್ಜೆಯಲ್ಲೇ ಅಳೆಯತೊಡಗಿದರು. ಉದ್ದ ಸರಿಬಂತು. ಅಗಲ ಅಳೆಯುವಾಗ ಹದಿಮೂರನೇ ಹೆಜ್ಜೆಗೆ ಬೇವಿನ ಮರ ಅಡ್ಡ ಬಂತು. ಹಿಂದೆಯೇ ಎಣಿಸುತ್ತಾ ಬಂದಿದ್ದ ಇಬ್ಬರು ಹುಡುಗಿಯರು ಮರ ನೋಡಿದರು, ಶಿಕ್ಷಕರ ಮುಖ ನೋಡಿದರು.

"ಮರ ಕಡಿಯೂದು ಬ್ಯಾಡ್ರಿ ಸರ್," ಅಂದಳು ಒಬ್ಬಳು. "ಈ ಕಡಿ ಎರಡು ಹೆಜ್ಜಿ ಸರಿಸೂಣು."

ಶಿಕ್ಷಕರು ಮತ್ತೆ ಮೊದಲಿಂದ ಅಳೆಯಲು ಶುರು ಮಾಡಿದರು.